ದಾದಿಯರ ರಿಜಿಸ್ಟರಿನಲ್ಲಿ ಮೂರು ಸಹಿ

1937ರಲ್ಲಿ ನಾನು ಹಾಸನದ ಒಂದು ವೈದ್ಯರ ಸಂಘದಲ್ಲಿ ನರ್ಸುಗಳ ರಿಜಿಸ್ಟ್ರಾರ್ ಆಗಿದ್ದೆ. ಹುದ್ದೆಯ ಹೆಸರು ಕೇಳಿದವರು ದೊಡ್ಡ ಕಚೇರಿಯನ್ನು ಊಹಿಸಿಕೊಳ್ಳುತ್ತಿದ್ದರು. ಇದ್ದದ್ದು ಔಷಧದ ಅಂಗಡಿಯೊಂದರ ಪಕ್ಕದ ಚಿಕ್ಕ ಕೋಣೆ, ಒಂದು ಮೇಜು, ಎರಡು ಕುರ್ಚಿ, ಕ್ಯಾಲಿಕೋ ಬಟ್ಟೆಯ ಹೊದಿಕೆಯ ಒಂದು ದಪ್ಪ ರಿಜಿಸ್ಟರು. ಆಗ ನನಗೆ ಇಪ್ಪತ್ತೊಂಬತ್ತು ವರ್ಷ. ಬೆಂಗಳೂರಿನಲ್ಲಿ ನರ್ಸಿಂಗ್ ಮತ್ತು ಹೆರಿಗೆಯ ತರಬೇತಿ ಮುಗಿಸಿ ನಾಲ್ಕು ವರ್ಷ ಊರೂರು ತಿರುಗಿ ಹೆರಿಗೆ ಮಾಡಿಸಿದ್ದೆ. ಒಂದು ದಿನ ಜಟಕಾ ಮಗುಚಿ ಬಲ ಸೊಂಟದ ಮೂಳೆ ಮುರಿಯಿತು. ಮೂಳೆ ಕೂಡಿಕೊಂಡರೂ ಕಾಲು ಒಂದೂವರೆ ಅಂಗುಲ ಗಿಡ್ಡವಾಯಿತು. ಬಹಳ ಹೊತ್ತು ನಿಲ್ಲಲಾರದ ನರ್ಸನ್ನು ಯಾರು ಕರೆಯುತ್ತಾರೆ? ಸಂಘದ ಕಾರ್ಯದರ್ಶಿಗಳಾಗಿದ್ದ ಡಾಕ್ಟರ್ ಸೀತಾರಾಮಯ್ಯನವರು ನನ್ನನ್ನು ಕರೆಸಿ ಆ ರಿಜಿಸ್ಟರಿನ ಮುಂದೆ ಕೂರಿಸಿದರು.

ಈ ರಿಜಿಸ್ಟರು ಏಕೆ ಬೇಕಾಯಿತೆಂದು ಈಗಿನವರಿಗೆ ಸ್ವಲ್ಪ ಹೇಳಬೇಕು. ಆಸ್ಪತ್ರೆಯ ನೌಕರಿಯಲ್ಲಿ ಇರದೆ, ಕರೆದ ಮನೆಗೆ ಹೋಗಿ ಹೆರಿಗೆ ಮಾಡಿಸುವ, ಟೈಫಾಯಿಡ್ ರೋಗಿಯ ಪಕ್ಕ ವಾರಗಟ್ಟಲೆ ಕೂತು ಆರೈಕೆ ಮಾಡುವ ಹೆಂಗಸರನ್ನು ಪ್ರೈವೇಟ್ ನರ್ಸ್ ಎನ್ನುತ್ತಿದ್ದರು. ಬಿಳಿ ಸೀರೆ ಉಟ್ಟು ಚರ್ಮದ ಚೀಲ ಹಿಡಿದವರೆಲ್ಲ ನರ್ಸುಗಳೇ ಎಂದು ಜನ ನಂಬುವ ಕಾಲ ಅದು. ಹೀಗೆ ನಂಬಿ ಕೆಟ್ಟ ಮನೆಗಳನ್ನು ಕಂಡ ಐದಾರು ಖಾಸಗಿ ಡಾಕ್ಟರುಗಳು ಸೇರಿ, ಸರ್ಟಿಫಿಕೇಟು ನೋಡಿ ಹೆಸರು ಬರೆದುಕೊಳ್ಳುವ ಪದ್ಧತಿ ತಂದರು. ಹಾಸನವಷ್ಟೇ ಅಲ್ಲ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಡಾಕ್ಟರುಗಳೂ ನರ್ಸು ಬೇಕಾದಾಗ ನಮಗೆ ಚೀಟಿ ಬರೆಯುತ್ತಿದ್ದರು. ಸರದಿಯಲ್ಲಿ ಮೇಲಿದ್ದ ನರ್ಸು ಬಂದು, ಹೋಗುವ ಮನೆ ಮತ್ತು ದಿನದ ಮುಂದೆ ಸಹಿ ಹಾಕಿ ಹೊರಡಬೇಕು. ಹಿಂತಿರುಗಿದ ಮೇಲೆ ಆಕೆಯ ಹೆಸರು ಸರದಿಯ ಕೊನೆಗೆ ಹೋಗುತ್ತಿತ್ತು.

ಇದರ ಜೊತೆಗೆ ನಾನೇ ಒಂದು ನಿಯಮ ತಂದಿದ್ದೆ. ಕರೆ ಬಂದಾಗ ಯಾವ ಕಾರಣಕ್ಕೇ ಆಗಲಿ ಹೋಗದವರ ಸರದಿ ತಪ್ಪುತ್ತದೆ. ಮೂರು ಸಲ ತಪ್ಪಿಸಿದರೆ ಹೆಸರನ್ನೇ ಹೊಡೆದುಹಾಕಲಾಗುತ್ತದೆ. ಡಾಕ್ಟರುಗಳಿಗೆ ಈ ನಿಯಮ ಬಹಳ ಹಿಡಿಸಿತು. ಒಂದು ವರ್ಷದಲ್ಲಿ ನರ್ಸು ಸಿಗದೆ ಉಳಿದ ಕರೆ ಒಂದೂ ಇಲ್ಲವೆಂದು ಸಂಘದ ಸಭೆಯಲ್ಲಿ ನನ್ನನ್ನು ಹೊಗಳಿದರು. ನನಗೂ ಹೆಮ್ಮೆಯಾಯಿತು.

ರಿಜಿಸ್ಟರಿನಲ್ಲಿದ್ದ ಒಂಬತ್ತು ಹೆಸರುಗಳಲ್ಲಿ ಹೆರಿಗೆ ಮಾಡಿಸುವ ಸರ್ಟಿಫಿಕೇಟ್ ಇದ್ದವರು ಮೂವರೇ. ಅವರಲ್ಲಿ ಎಲ್ಲರೂ ಕೇಳಿ ಕರೆಸಿಕೊಳ್ಳುತ್ತಿದ್ದವಳು ಪುಟ್ಟತಾಯಮ್ಮ. ಮೂವತ್ತನಾಲ್ಕು ವರ್ಷದ, ಮಾತು ಕಡಿಮೆಯ ಹೆಂಗಸು. ಹಾಸಿಗೆ ಹಿಡಿದ ತಾಯಿಯನ್ನು ಒಬ್ಬಳೇ ಸಾಕುತ್ತಿದ್ದಳು. ತಾಯಿಯ ಕಾಯಿಲೆಯಿಂದಾಗಿ ಆ ವರ್ಷ ಎರಡು ಸಲ ಕರೆ ತಪ್ಪಿಸಿದ್ದಳು. ಎರಡು ಸಲವೂ ಅವಳ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ ಗುರುತು ಹಾಕಿದ್ದೆ.

ಆ ವರ್ಷದ ಮಳೆಗಾಲ ಮುಗಿಯುತ್ತಿದ್ದಾಗ ಉಳಿದ ಇಬ್ಬರಲ್ಲಿ ಒಬ್ಬಳು ತವರಿಗೆ ಹೋಗಿದ್ದಳು, ಇನ್ನೊಬ್ಬಳು ದೂರದ ಊರಿನಲ್ಲಿ ಕೆಲಸದ ಮೇಲಿದ್ದಳು. ಹಾಗಾಗಿ ಎರಡು ವಾರದೊಳಗೆ ಬಂದ ಮೂರು ಹೆರಿಗೆಯ ಕರೆಗಳಿಗೂ ಪುಟ್ಟತಾಯಮ್ಮನನ್ನೇ ಕಳಿಸಿದೆ. ಮೊದಲನೆಯದು ಚನ್ನರಾಯಪಟ್ಟಣದ ಧಾನ್ಯದ ವ್ಯಾಪಾರಿ ಗುರುಬಸಪ್ಪನವರ ಮನೆ. ಎರಡನೆಯದು ಹೊಳೆನರಸೀಪುರದ ಶಾಲಾ ಮಾಸ್ತರರೊಬ್ಬರ ಮನೆ. ಮೂರನೆಯದು ಅರಕಲಗೂಡಿನ ಬೇಸಾಯಗಾರ ತಿಮ್ಮೇಗೌಡರ ಮನೆ. ನಮ್ಮ ಕಡೆ ನರ್ಸನ್ನು ಹೆರಿಗೆಗೂ ಆಮೇಲಿನ ಮೂರು ದಿನಕ್ಕೂ ಮಾತ್ರ ಇಟ್ಟುಕೊಳ್ಳುತ್ತಿದ್ದರು. ಮುಂದಿನ ಬಾಣಂತನವನ್ನು ಮನೆಯ ಹೆಂಗಸರೇ ನೋಡಿಕೊಳ್ಳುತ್ತಿದ್ದರು. ಈ ವಾಡಿಕೆಯನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು.

ಪುಟ್ಟತಾಯಮ್ಮ ಅರಕಲಗೂಡಿಗೆ ಹೊರಡುವ ಹಿಂದಿನ ದಿನ ಚನ್ನರಾಯಪಟ್ಟಣದ ಡಾಕ್ಟರರಿಂದ ಕಾಗದ ಬಂದಿತ್ತು. ಗುರುಬಸಪ್ಪನವರ ಸೊಸೆ ಹೆರಿಗೆಯಾದ ನಾಲ್ಕನೇ ದಿನ ಜ್ವರಕ್ಕೆ ಬಿದ್ದು ಹತ್ತನೇ ದಿನ ತೀರಿಕೊಂಡಳೆಂದು ಅದರಲ್ಲಿತ್ತು. ಮಗು ಉಳಿದಿತ್ತು. ಜ್ವರ ಬಂದದ್ದು ನರ್ಸು ಮನೆ ಬಿಟ್ಟ ಮೇಲೆ; ಆದ್ದರಿಂದ ಪುಟ್ಟತಾಯಮ್ಮನಿಗೆ ಸುದ್ದಿ ಗೊತ್ತಿರಲಿಲ್ಲ. ಮರುದಿನ ಅವಳು ಬಂದಾಗ ನಾನೂ ಹೇಳಲಿಲ್ಲ. ಇನ್ನೊಂದು ಹೆರಿಗೆಗೆ ಹೊರಟವಳ ಮನಸ್ಸು ಯಾಕೆ ಕೆಡಿಸಬೇಕು ಅಂದುಕೊಂಡೆ. ಅವಳ ಬಲಗೈಗೆ ಬಟ್ಟೆ ಸುತ್ತಿತ್ತು. ಏನಾಯಿತೆಂದು ಕೇಳಿದೆ.

"ಬಿಂದಿಗೆ ಎತ್ತುವಾಗ ಉಳುಕಿತು ಗಿರಿಜಮ್ಮ. ಬಿಸಿನೀರಿನ ಶಾಖ ಕೊಟ್ಟರೆ ಹೋಗುತ್ತೆ," ಅಂದಳು.

ಬಟ್ಟೆ ಬಿಚ್ಚಿ ತೋರಿಸು ಅನ್ನಲಿಲ್ಲ. ಕಳಿಸಲು ಬೇರೆ ಯಾರೂ ಇರಲಿಲ್ಲ. ನೋಡಿದರೆ ನಿಲ್ಲಿಸಬೇಕಾದೀತು ಎಂಬುದು ಮನಸ್ಸಿನ ಯಾವುದೋ ಮೂಲೆಯಲ್ಲಿ ನನಗೆ ಗೊತ್ತಿತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ.

ಮರುದಿನ ಬೆಳಗಿನ ಟಪಾಲಿನಲ್ಲಿ ಹೊಳೆನರಸೀಪುರದ ಕಾಗದ ಬಂತು. ಮಾಸ್ತರರ ಹೆಂಡತಿಗೂ ನಾಲ್ಕನೇ ದಿನ ಚಳಿಜ್ವರ, ಕಿಬ್ಬೊಟ್ಟೆಯಲ್ಲಿ ನೋವು, ಕೆಟ್ಟ ವಾಸನೆ. ಅದು ಬಾಣಂತಿ ನಂಜು. ನಂಜನ್ನು ಇಳಿಸುವ ಸಲ್ಫಾ ಔಷಧಗಳು ನಮ್ಮ ಕೈಗೆ ಸಿಗದಿದ್ದ ಆ ದಿನಗಳಲ್ಲಿ ಈ ಹೆಸರು ಕೇಳಿದರೆ ಡಾಕ್ಟರುಗಳ ಮುಖವೂ ಕಪ್ಪಿಡುತ್ತಿತ್ತು. ಈ ನಂಜು ತಾನಾಗಿ ಹುಟ್ಟುವುದು ಅಪರೂಪ. ಹೆಚ್ಚಾಗಿ ಅದು ಒಳಪರೀಕ್ಷೆ ಮಾಡಿದ ಕೈಯಿಂದಲೇ ಹತ್ತುತ್ತದೆಂದು ತರಬೇತಿಯಲ್ಲಿ ನಮಗೆ ಮೊದಲ ವಾರವೇ ಕಲಿಸಿದ್ದರು.

ರಿಜಿಸ್ಟರು ತೆರೆದೆ. ಚನ್ನರಾಯಪಟ್ಟಣದ ಸಾಲಿನಲ್ಲಿ ಪುಟ್ಟತಾಯಮ್ಮನ ಸಹಿ ಎಂದಿನಂತೆ ದುಂಡಗೆ ಇತ್ತು. ಹೊಳೆನರಸೀಪುರದ ಸಾಲಿನಲ್ಲಿ ಅಕ್ಷರಗಳು ಒಂದು ಕಡೆಗೆ ವಾಲಿದ್ದವು. ಅರಕಲಗೂಡಿನ ಸಾಲಿನಲ್ಲಿ, ನನ್ನ ಕಣ್ಣೆದುರಿಗೇ ಹಾಕಿದ್ದ ಸಹಿ, ಈಗ ತಾನೇ ಅಕ್ಷರ ಕಲಿತ ಮಗುವಿನ ಬರಹದಂತೆ ಇತ್ತು. ತೋರುಬೆರಳು ಮಡಿಚಲಾಗದೆ ಪೆನ್ನನ್ನು ಮುಷ್ಟಿಯಲ್ಲಿ ಹಿಡಿದು ಬರೆದದ್ದು. ಉಳುಕಿದ ಕೈಯ ಬರಹ ದಿನದಿಂದ ದಿನಕ್ಕೆ ಸುಧಾರಿಸಬೇಕು. ಇದು ಕೆಡುತ್ತಾ ಬಂದಿತ್ತು.

ರಿಜಿಸ್ಟರನ್ನೂ ಎರಡು ಕಾಗದಗಳನ್ನೂ ಎತ್ತಿಕೊಂಡು ಕಾರ್ಯದರ್ಶಿಗಳ ಬಳಿಗೆ ಹೊರಟೆ. ಮೂರೂ ಮನೆಗಳಿಗೆ ಆ ಕೈಯನ್ನು ಕಳಿಸಿದವಳು ನಾನು.

ಡಾಕ್ಟರ್ ಸೀತಾರಾಮಯ್ಯನವರು ಎರಡೂ ಕಾಗದ ಓದಿ, ಸಹಿಗಳನ್ನು ನೋಡಿ, ಕನ್ನಡಕ ತೆಗೆದಿಟ್ಟರು.

"ತಂತಿ ಕೊಡೋಣವೇ ಸಾರ್?" ಎಂದೆ.

"ಏನಂತ ಕೊಡುತ್ತೀರಿ? ಆ ಮನೆಯವರು ಗಾಬರಿಯಾಗಿ ಇವಳನ್ನು ಓಡಿಸಿ ಊರಿನ ಯಾವಳೋ ಸೂಲಗಿತ್ತಿಯನ್ನು ಕರೆದರೆ? ಅವಳು ಕೈಯನ್ನೇ ತೊಳೆಯುವುದಿಲ್ಲ." ಕಾಗದಗಳನ್ನು ಮಡಿಸುತ್ತಾ ಮತ್ತೆ ಹೇಳಿದರು: "ನಾನು ಹೊಳೆನರಸೀಪುರಕ್ಕೆ ಹೋಗಲೇಬೇಕು, ಆ ಹುಡುಗಿ ಬದುಕುತ್ತಾಳೋ ಇಲ್ಲವೋ. ಅರಕಲಗೂಡಿಗೆ ನೀವು ಹೋಗಿ. ಹೆರಿಗೆ ನೀವೇ ಮಾಡಿಸಿ. ಆದರೆ ಗಿರಿಜಮ್ಮ, ಆ ಮನೆಯಲ್ಲಿ ಕಾರಣ ಹೇಳಬೇಡಿ. ಸಂಘದ ನರ್ಸಿನಿಂದಲೇ ಹೀಗಾಯಿತು ಅಂದರೆ ಈ ನಾಲ್ಕು ಊರಿನಲ್ಲಿ ಇನ್ನು ಯಾರೂ ತರಬೇತಾದವರನ್ನು ಕರೆಯುವುದಿಲ್ಲ."

ಅವರಿಗೂ ಹೆದರಿಕೆಯಾಗಿತ್ತು. ಅದಕ್ಕಾಗಿ ಅವರನ್ನು ನಾನು ಯಾವತ್ತೂ ದೂರಿಲ್ಲ.

ಕುದಿಸಿದ ಕತ್ತರಿ, ದಾರ, ಕಾರ್ಬಾಲಿಕ್ ಲೋಷನ್, ಸೋಪು, ಉಗುರು ಉಜ್ಜುವ ಬ್ರಷ್, ಥರ್ಮಾಮೀಟರ್ ತುಂಬಿಕೊಂಡು ಹನ್ನೊಂದು ಗಂಟೆಯ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಒಂದೇ ಲೆಕ್ಕ ಹಾಕುತ್ತಿದ್ದೆ. ನೋವು ಶುರುವಾಗಿದ್ದರೆ ಪುಟ್ಟತಾಯಮ್ಮ ಮೊದಲು ಮಾಡುವ ಕೆಲಸವೇ ಒಳಪರೀಕ್ಷೆ. ಒಂದು ಸಲ ಮುಟ್ಟಿದರೆ ಸಾಕು, ಆಮೇಲೆ ನಾನು ಹೋಗಿ ಮಾಡುವುದು ಏನೂ ಉಳಿದಿರುವುದಿಲ್ಲ. ನಡುವೆ ಕಟ್ಟಾಯವೆಂಬ ಊರಿನಲ್ಲಿ ಬಸ್ಸು ನಿಂತಿತು. ಹತ್ತು ನಿಮಿಷವಾದರೂ ಹೊರಡಲಿಲ್ಲ. ಕಂಡಕ್ಟರನ್ನು ಕೇಳಿದೆ.

"ಶಾನುಭೋಗ್ರು ಬತ್ತಾವ್ರೆ ನರ್ಸಮ್ಮ. ಒಂದ್ಗಳಿಗೆ ತಡ್ಕಳಿ."

"ಅರಕಲಗೂಡಲ್ಲಿ ಒಬ್ಬಳು ಚೊಚ್ಚಲು ಹೆರಿಗೆಗೆ ಮಲಗಿದ್ದಾಳಪ್ಪ. ನಾನು ತಡವಾದರೆ ಅವಳ ಜೀವಕ್ಕೆ ಸಂಚಕಾರ."

ಅವನು ನನ್ನ ಮುಖವನ್ನೇ ನೋಡಿದ. ಆಮೇಲೆ ಬಸ್ಸಿನ ಮೈಯನ್ನು ದಬದಬ ಬಡಿದು ಕೂಗಿದ: "ಓಡ್ಸಣ್ಣ ನೀನು! ಶಾನುಭೋಗ್ರು ನಾಳಿಕ್ ಬರ್ಲಿ!"

ತಿಮ್ಮೇಗೌಡರ ಮನೆ ಮುಟ್ಟಿದಾಗ ಮಧ್ಯಾಹ್ನ ಒಂದೂವರೆ ದಾಟಿತ್ತು. ಅಂಗಳದಲ್ಲೇ ಒಳಗಿನ ನರಳಾಟ ಕೇಳಿಸಿತು. ಬೆಳಗ್ಗೆಯೇ ನೋವು ಶುರುವಾಗಿತ್ತು. ಪುಟ್ಟತಾಯಮ್ಮ ಹಿತ್ತಲ ಬಚ್ಚಲ ಒಲೆಯ ಮುಂದೆ ಕೂತು ನೀರು ಕಾಯಿಸುತ್ತಿದ್ದಳು. ನನ್ನನ್ನು ಕಂಡು ಎದ್ದವಳು ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ಕೈ ತೋರಿಸಿ," ಅಂದೆ.

"ಉಳುಕಿದೆ ಅಂದೆನಲ್ಲ..."

"ಪುಟ್ಟತಾಯಮ್ಮ, ಚನ್ನರಾಯಪಟ್ಟಣದ ಹುಡುಗಿ ಸತ್ತುಹೋದಳು. ಹೊಳೆನರಸೀಪುರದವಳು ಜ್ವರದಲ್ಲಿ ಬಿದ್ದಿದ್ದಾಳೆ. ಕೈ ತೋರಿಸಿ."

ಅವಳು ನಿಧಾನವಾಗಿ ಬಟ್ಟೆ ಬಿಚ್ಚಿದಳು. ತೋರುಬೆರಳಿಗೆ ಉಗುರುಸುತ್ತು. ಬೆರಳು ಊದಿ ನೇರಳೆ ಬಣ್ಣಕ್ಕೆ ತಿರುಗಿತ್ತು, ಉಗುರಿನ ಬುಡದಲ್ಲಿ ಕೀವು ಕಟ್ಟಿತ್ತು.

"ಇವಳನ್ನು ಪರೀಕ್ಷೆ ಮಾಡಿದ್ದೀರಾ?"

ಅವಳು ತಲೆ ಅಲ್ಲಾಡಿಸಿದಳು. "ಇಲ್ಲ. ಬೆರಳು ಮಡಿಸೋಕಾಗಲಿಲ್ಲ. ಬಿಸಿನೀರಲ್ಲಿ ಕೈ ಇಟ್ಟರೆ ಸಡಿಲ ಆಗಬಹುದೂಂತ ಕಾಯ್ತಾ ಇದ್ದೆ."

"ನಿಜ ಹೇಳಿ."

"ಅಮ್ಮನ ಆಣೆ ಗಿರಿಜಮ್ಮ, ಮುಟ್ಟಿಲ್ಲ." ಅಲ್ಲೇ ನೆಲದ ಮೇಲೆ ಕುಸಿದು ಕೂತಳು. "ಆಗಲೇ ಎರಡು ಕೆಂಪು ಗುರುತು ಬಿದ್ದಿತ್ತು. ಬರೋಕಾಗಲ್ಲ ಅಂದಿದ್ದರೆ ಹೆಸರು ಹೊಡೀತಿದ್ದಿರಿ. ಮೊದಲು ಒಂದು ಮುಳ್ಳು ಚುಚ್ಚಿದ್ದು, ಅಷ್ಟೇ. ಇಂಥದ್ದಾಗುತ್ತೆ ಅಂತ..."

ಅವಳು ಹೇಳಿದ್ದನ್ನು ನಂಬುವುದು ಬಿಟ್ಟು ನನಗೆ ಬೇರೆ ದಾರಿ ಇರಲಿಲ್ಲ. ಒಳಗೆ ಹೋಗಬೇಡಿ, ಅಲ್ಲಿನ ಪಾತ್ರೆ ಬಟ್ಟೆ ಏನನ್ನೂ ಮುಟ್ಟಬೇಡಿ ಎಂದು ಹೇಳಿ ತಿರುಗಿದರೆ ಬಾಗಿಲಲ್ಲಿ ಗೌಡರ ಹೆಂಡತಿ ದ್ಯಾವಮ್ಮ ನಿಂತಿದ್ದರು. ಹೆರಿಗೆಗೆ ಮಲಗಿದ್ದ ಜಯಮ್ಮನ ಅತ್ತೆ.

"ಯಾಕವ್ವಾ, ನೀನ್ಯಾರು? ಆಯಮ್ಮನ್ನ ಯಾಕೆ ಒಳೀಕ್ ಬರಬ್ಯಾಡ ಅಂತೀಯ? ಎರಿಗೆ ಮಾಡ್ಸಾಕ್ ಬಂದಿರಾದು ಆಯಮ್ಮ ತಾನೆ?"

ಡಾಕ್ಟರರ ಮಾತು ನೆನಪಿತ್ತು. ನರ್ಸಿಗೆ ಮೈ ಸರಿಯಿಲ್ಲ ಎಂದಷ್ಟೇ ಹೇಳಬಹುದಿತ್ತು. ಆದರೆ ಹಾಗೆ ಹೇಳಿದರೆ, ಕೈ ಸಾಲದಾದಾಗ ಇದೇ ಅತ್ತೆ ಪುಟ್ಟತಾಯಮ್ಮನನ್ನು ಸಹಾಯಕ್ಕೆ ಒಳಗೆ ಕರೆಯುವರು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ: ಆಕೆಯ ಬೆರಳಿನಲ್ಲಿ ನಂಜಿದೆ, ಇಬ್ಬರು ಬಾಣಂತಿಯರಿಗೆ ಅದು ತಗುಲಿದೆ ಎಂದು ನನ್ನ ಅನುಮಾನ, ಒಬ್ಬಳು ತೀರಿಕೊಂಡಿದ್ದಾಳೆ, ಆಕೆಯನ್ನು ಇಲ್ಲಿಗೆ ಕಳಿಸಿದವಳು ನಾನು, ನಿಮ್ಮ ಸೊಸೆಯನ್ನು ಆಕೆ ಇನ್ನೂ ಮುಟ್ಟಿಲ್ಲ, ಹೆರಿಗೆ ನಾನು ಮಾಡಿಸುತ್ತೇನೆ.

ದ್ಯಾವಮ್ಮ ಕೂಗಾಡಲಿಲ್ಲ. ಕೂಗಾಡಿದ್ದರೆ ವಾಸಿಯಿತ್ತು. ನನ್ನ ಹತ್ತಿರ ಬಂದು, "ನಿನ್ ಕೈ ತೋರ್ಸು," ಅಂದರು. ನನ್ನ ಎರಡು ಕೈಯನ್ನೂ ಹಿಡಿದು ಬೆಳಕಿಗೆ ಎತ್ತಿ, ಅಂಗೈ, ಹಿಂಗೈ, ಒಂದೊಂದೇ ಉಗುರು ನೋಡಿದರು. ಅಕ್ಕಿಯಲ್ಲಿ ಕಲ್ಲು ಹುಡುಕುವವರ ಹಾಗೆ. ಆಮೇಲೆ ಕೈಬಿಟ್ಟು, "ಒಳೀಕ್ ಓಗು. ನನ್ ಸೊಸೆಗೆ ಏನಾರ ಆದ್ರೆ ನಿನ್ನ ಬಿಡಾಕಿಲ್ಲ," ಎಂದರು.

ನಾನು ಹೆರಿಗೆ ಮಾಡಿಸಿ ನಾಲ್ಕು ವರ್ಷವಾಗಿತ್ತು. ಗಡಿಯಾರ ನೋಡಿಕೊಂಡು ಹತ್ತು ನಿಮಿಷ ಕೈ ಉಜ್ಜಿದೆ; ಕಾರ್ಬಾಲಿಕ್ಕಿಗೆ ಚರ್ಮ ಉರಿಯಿತು. ಜಯಮ್ಮನಿಗೆ ಹದಿನೆಂಟು ಇರಬಹುದು. ನೋವು ಬಂದಾಗಲೆಲ್ಲ ನನ್ನ ಸೀರೆಯ ನೆರಿಗೆ ಹಿಡಿದುಕೊಳ್ಳುತ್ತಿದ್ದಳು. "ನಾನು ಸಾಯ್ತೀನಾ ಅಕ್ಕಾ?" ಎಂದು ಕೇಳಿದಳು. ಹೊರಗಿನ ಮಾತು ಅವಳ ಕಿವಿಗೆ ಬಿದ್ದಿತ್ತೋ, ಅಥವಾ ಎಲ್ಲ ಚೊಚ್ಚಲು ಹೆಂಗಸರೂ ಕೇಳುವ ಪ್ರಶ್ನೆಯೋ, ತಿಳಿಯಲಿಲ್ಲ. "ಇಲ್ಲ ಕಣಮ್ಮ," ಅಂದೆ. ಅಷ್ಟು ಹೆದರಿಕೊಂಡು ಅಷ್ಟು ಧೈರ್ಯದ ಮಾತನ್ನು ನಾನು ಬದುಕಿನಲ್ಲಿ ಮತ್ತೆಂದೂ ಆಡಿಲ್ಲ. ಸೊಂಟ ಸೋತು ನಿಲ್ಲಲಾಗದೆ ಮಂಡಿಯೂರಿ ಕೂತು ಕೆಲಸ ಮಾಡಿದೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಹೆಣ್ಣುಮಗು ಹುಟ್ಟಿತು, ಒಳ್ಳೆಯ ದನಿಯಲ್ಲಿ ಅತ್ತಿತು.

ನಿಜವಾದ ಹೆದರಿಕೆ ಶುರುವಾದದ್ದು ಆಮೇಲೆ. ನಂಜು ತಗುಲಿದ್ದರೆ ಮೂರನೇ ನಾಲ್ಕನೇ ದಿನ ತಿಳಿಯಬೇಕು. ಅಲ್ಲಿಯವರೆಗೆ ಕಾಯುವುದೊಂದೇ ಕೆಲಸ.

ಇತ್ತ ಎರಡನೇ ದಿನ ಬೆಳಗ್ಗೆ ಪುಟ್ಟತಾಯಮ್ಮನಿಗೆ ನಡುಕ ಹತ್ತಿತು. ಹೊಗೆಸೊಪ್ಪು ಒಣಗಿಸುವ ಕೊಟ್ಟಿಗೆಯಲ್ಲಿ ಅವಳಿಗೆ ಚಾಪೆ ಹಾಕಿಕೊಟ್ಟಿದ್ದರು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಬೆರಳಿನಿಂದ ಮೊಣಕೈ ದಾಟಿ ತೋಳಿನವರೆಗೆ ಕೆಂಪು ಗೀರು ಎದ್ದಿತ್ತು. ನಂಜು ರಕ್ತಕ್ಕೆ ಏರುತ್ತಿದೆ ಎಂದು ಅದರ ಅರ್ಥ. ಅವಳು ಬಾಯಾರಿ ನೀರು ಕೇಳಿದಳು. ನಾನು ಕೊಡುವಂತಿರಲಿಲ್ಲ. ಅವಳನ್ನು ಮುಟ್ಟಿದರೆ ಜಯಮ್ಮನನ್ನು ಮುಟ್ಟುವ ಹಾಗಿಲ್ಲ. ದ್ಯಾವಮ್ಮನವರೂ ಕೊಡುವಂತಿರಲಿಲ್ಲ. ಹತ್ತು ಅಡಿ ದೂರದಲ್ಲಿ ನಿಂತು, ನನ್ನ ಜೊತೆಯವಳೊಬ್ಬಳು ನೀರಿಗಾಗಿ ಕೈ ಚಾಚುವುದನ್ನು ನೋಡಿದೆ.

ಯಜಮಾನ ತಿಮ್ಮೇಗೌಡರು ಹಿಂದೆ ಬಂದು ನಿಂತಿದ್ದರು. ಆಳುಕಾಳಿದ್ದ ಮನೆಯ ದೊಡ್ಡವರು. "ನಾನು ಬಾಣಂತಿ ಕ್ವಾಣೆಗೆ ಓಗಾಕಿಲ್ವಲ್ಲ. ನಾನ್ ಕೊಟ್ರೆ ಆದೀತಾ?" ಎಂದು ಕೇಳಿದರು. ಆಗುತ್ತದೆ ಅಂದೆ. ಅವರೇ ಚೊಂಬು ತಂದು ನೀರು ಕುಡಿಸಿದರು, ಗಂಜಿ ತಂದುಕೊಟ್ಟರು. ಊರಿನ ಡಾಕ್ಟರನ್ನು ಕರೆಸಿ ಬೆರಳು ಕೊಯ್ಯಿಸಿ ಕೀವು ತೆಗೆಸಿದರು. ಮಧ್ಯಾಹ್ನ ಬಾಡಿಗೆ ಮೋಟಾರು ಗೊತ್ತುಮಾಡಿ, ಅವಳನ್ನು ತಾವೇ ಹಾಸನಕ್ಕೆ ಕರೆದೊಯ್ದರು.

ಮೂರನೇ ದಿನ ಸಂಜೆ ಜಯಮ್ಮನ ಮೈ ಬೆಚ್ಚಗಾಯಿತು. ಥರ್ಮಾಮೀಟರು ನೂರು ಡಿಗ್ರಿ ದಾಟಿತು. ಕಿಟಕಿಯ ಬೆಳಕಿನಲ್ಲಿ ಅದನ್ನು ಎರಡು ಸಲ ಓದಿದೆ. ದ್ಯಾವಮ್ಮ ನನ್ನ ಮುಖ ಓದಿಕೊಂಡು, ಸೊಸೆಯ ಕಾಲ ಬುಡದಲ್ಲಿ ಕೂತುಬಿಟ್ಟರು. ಎದೆಹಾಲು ಇಳಿಯುವಾಗಲೂ ಇಷ್ಟು ಕಾವು ಬರುತ್ತದೆ. ನಂಜಿದ್ದರೂ ಹೀಗೇ ಶುರುವಾಗುತ್ತದೆ. ಎರಡರಲ್ಲಿ ಯಾವುದೆಂದು ಹೇಳುವ ವಿದ್ಯೆ ನನ್ನಲ್ಲಿ ಇರಲಿಲ್ಲ. ಬೆಳಗಾದ ಮೇಲೆ ನೋಡಿದೆ. ತೊಂಬತ್ತೆಂಟು ಪಾಯಿಂಟ್ ಆರು ಡಿಗ್ರಿ. ರವಿಕೆ ಹಾಲಿನಿಂದ ನೆನೆದಿತ್ತು. ಜಯಮ್ಮ "ಅಸ್ವಾಗ್ತದೆ ಕಣತ್ತೆ" ಅಂದಳು. ನಾನು ಹಿತ್ತಲಿಗೆ ಹೋಗಿ ಬಾಯಿಗೆ ಸೆರಗು ಒತ್ತಿಕೊಂಡು ಅತ್ತೆ.

ಇನ್ನೂ ಆರು ದಿನ ಅಲ್ಲೇ ಇದ್ದು ಹಾಸನಕ್ಕೆ ಮರಳಿದೆ. ಹೊಳೆನರಸೀಪುರದ ಮಾಸ್ತರರ ಹೆಂಡತಿ ಐದು ವಾರ ನರಳಿ ಬದುಕಿಕೊಂಡಳು. ಪುಟ್ಟತಾಯಮ್ಮನ ತೋರುಬೆರಳನ್ನು ಬುಡದವರೆಗೆ ತೆಗೆಯಬೇಕಾಯಿತು, ಜೀವ ಉಳಿಯಿತು. ಸಂಘದ ಸಭೆಯಲ್ಲಿ ಅವಳ ಹೆಸರನ್ನು ಹೊಡೆದುಹಾಕಿ ವಿಷಯವನ್ನು ಅಲ್ಲಿಗೇ ಮುಚ್ಚೋಣ ಎಂಬ ಮಾತು ಬಂತು. ಮೊದಲು ನಿಯಮ ಹೊಡೆಯಿರಿ, ಆಮೇಲೆ ನನ್ನ ಹೆಸರು ಹೊಡೆಯಿರಿ, ಅವಳದು ಆಮೇಲೆ ಎಂದೆ. ಚನ್ನರಾಯಪಟ್ಟಣದವರಿಗೆ ನಿಜ ಹೇಳಬೇಕೆಂದೂ ಹಟ ಹಿಡಿದೆ. ಬಹಳ ಹೊತ್ತು ವಾದವಾಯಿತು. ಕೊನೆಗೆ ಡಾಕ್ಟರ್ ಸೀತಾರಾಮಯ್ಯನವರು, "ನಡೆಯಿರಿ, ನಾನೂ ಬರುತ್ತೇನೆ," ಎಂದರು.

ಗುರುಬಸಪ್ಪನವರು ನಮ್ಮನ್ನು ಅಂಗಡಿಯ ಗದ್ದುಗೆಯ ಮೇಲೆ ಕೂರಿಸಿದರು. ಹಣೆಯ ತುಂಬ ವಿಭೂತಿ, ಅರವತ್ತು ದಾಟಿದ ವಯಸ್ಸು. ಒಳಗೆಲ್ಲೋ ತಾಯಿಯಿಲ್ಲದ ಮಗು ಅಳುತ್ತಿತ್ತು. ನಾನು ಎಲ್ಲವನ್ನೂ ಹೇಳಿದೆ, ಮುಳ್ಳು, ಉಗುರುಸುತ್ತು, ಕೆಂಪು ಶಾಯಿಯ ಗುರುತು ಯಾವುದನ್ನೂ ಬಿಡಲಿಲ್ಲ. ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು. ಬೈಯುತ್ತಾರೆ, ಎದ್ದು ಹೋಗಿ ಅನ್ನುತ್ತಾರೆ ಎಂದು ಕಾದೆ. ಅವರು ಒಂದೇ ಪ್ರಶ್ನೆ ಕೇಳಿದರು.

"ನಮ್ಮನೇಗೆ ಬರೋ ದಿನ ಆಯಮ್ಮ, ನಂಗೆ ಕೈ ನೋಯ್ತದೆ ಅಂತ ನಿಮ್ಮತ್ರ ಬಂದು ಏಳಿದ್ರೆ, ನೀವೇನ್ ಮಾಡ್ತಿದ್ರಿ ತಾಯಿ?"

ಡಾಕ್ಟರರು ನನ್ನ ಕಡೆ ನೋಡಿದರು. ಸುಳ್ಳು ಹೇಳುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ.

"ಹೆಸರು ಹೊಡೆಯುತ್ತಿದ್ದೆ," ಅಂದೆ.

ಅವರು ತಲೆಯಾಡಿಸಿದರು. ಎದ್ದು ಒಳಗೆ ಹೋದವರು ಮತ್ತೆ ಹೊರಗೆ ಬರಲಿಲ್ಲ.

ಆ ವಾರವೇ ನಿಯಮ ಬದಲಾಯಿತು. ಕಾಯಿಲೆ ಹೇಳಿಕೊಂಡು ಬಂದ ನರ್ಸಿನ ಸರದಿ ತಪ್ಪುವುದಿಲ್ಲ, ಗುಣವಾದ ಮೇಲೆ ಮೊದಲ ಕರೆ ಅವಳಿಗೇ. ಪುಟ್ಟತಾಯಮ್ಮ ಮತ್ತೆ ಹೆರಿಗೆ ಮಾಡಿಸಲಿಲ್ಲ. ನನ್ನ ಎದುರಿನ ಕುರ್ಚಿಯಲ್ಲಿ ಕೂತು, ಹೊರಡುವ ಪ್ರತಿ ನರ್ಸಿನ ಮೈಕೈ ವಿಚಾರಿಸುವ ಕೆಲಸ ಹಿಡಿದಳು. ನಲವತ್ತರ ದಶಕದ ಕೊನೆಯಲ್ಲಿ ಸಂಘ ಆ ರಿಜಿಸ್ಟರನ್ನು ಮುಚ್ಚುವವರೆಗೂ ನಾವಿಬ್ಬರೂ ಅಲ್ಲೇ ಇದ್ದೆವು. ಅಷ್ಟು ವರ್ಷಗಳಲ್ಲಿ ನಾನು ಕಲಿತದ್ದು ಇಷ್ಟು: ನನ್ನ ಕೈಕೆಳಗಿನವರು ನನ್ನ ಬಳಿ ಬಂದು ತಮ್ಮ ನೋವು ಹೇಳಲು ಹೆದರುತ್ತಿದ್ದರೆ, ಆ ಹೆದರಿಕೆಯ ಬೆಲೆಯನ್ನು ನಾವು ಯಾರೂ ಕಾಣದ ಮನೆಯಲ್ಲಿ ಮಲಗಿರುವ ಇನ್ನಾರೋ ತೆರುತ್ತಾರೆ. ಕರೆಗಳು ತಪ್ಪದೇ ನಡೆದ ಆ ಒಂದು ವರ್ಷವನ್ನು ಯಾರಾದರೂ ಹೊಗಳಿದಾಗ, ನನಗೆ ಚನ್ನರಾಯಪಟ್ಟಣದ ಆ ಹುಡುಗಿಯ ಹೆಸರೂ ಗೊತ್ತಿಲ್ಲವಲ್ಲ ಎಂದು ನೆನಪಾಗುತ್ತಿತ್ತು. ರಿಜಿಸ್ಟರಿನಲ್ಲಿ ಬಾಣಂತಿಯರ ಹೆಸರಿಗೆ ನಾವು ಜಾಗವನ್ನೇ ಇಟ್ಟಿರಲಿಲ್ಲ.